ಹೊನ್ನಿನ ಹಾಳೆಯ ಮೇಲಿನ ಅರಸರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಬವೇರಿಯಾ ರಾಜ್ಯ ಗ್ರಂಥಾಲಯದಲ್ಲಿರುವ ಒಂದು ಹಸ್ತಪ್ರತಿಯ ಎದುರುಬದುರು ಪುಟಗಳನ್ನು ಪ್ರಕಟಿಸಿದ್ದೆವು. ಕ್ರಿ.ಶ. 1000ದ ಆಸುಪಾಸಿನಲ್ಲಿ ಕಾನ್‌ಸ್ಟನ್ಸ್ ಸರೋವರದ ರೈಖೆನೌ ದ್ವೀಪದ ಮಠದಲ್ಲಿ ಸಿದ್ಧವಾದ ಸುವಾರ್ತೆಗಳ, ಅಂದರೆ ಬೈಬಲಿನಲ್ಲಿ ಯೇಸುವಿನ ಚರಿತೆ ಹೇಳುವ ಭಾಗಗಳ, ಪುಸ್ತಕ ಅದು. ಅದರ ಬಲಪುಟದಲ್ಲಿ ಜರ್ಮನಿ ಮತ್ತು ಇಟಲಿಯನ್ನಾಳಿದ ಚಕ್ರವರ್ತಿ ಮೂರನೆಯ ಒಟ್ಟೊ ಸಿಂಹಾಸನದ ಮೇಲೆ ಕುಳಿತಿದ್ದಾನೆ. ಎಡಪುಟದಲ್ಲಿ ಸ್ಲಾವರ ನಾಡು, ಜರ್ಮಾನಿಯ, ಗಾಲ್ (ಹೆಚ್ಚುಕಡಿಮೆ ಇಂದಿನ ಫ್ರಾನ್ಸ್) ಮತ್ತು ರೋಮ್ ಎಂಬ ನಾಲ್ಕು ನಾಡುಗಳು ನಾಲ್ವರು ಹೆಂಗಸರ ರೂಪ ತಾಳಿ, ಕಾಣಿಕೆ ಹಿಡಿದು, ಮೈಬಗ್ಗಿಸಿ ಅವನತ್ತ ನಡೆದು ಬರುತ್ತಿವೆ. ಈ ಚಿತ್ರವನ್ನು ಕುರಿತು ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ತುಮಕೂರಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ತಾವು ಪ್ರಕಟಿಸಿದ ಚಿತ್ರದಲ್ಲಿ ಒಟ್ಟೊನ ಮುಖವೂ ಪಕ್ಕದಲ್ಲಿ ನಿಂತವರ ಮುಖವೂ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ತೆಗೆದಂತಿವೆ. ಬಟ್ಟೆಯ ನೆರಿಗೆಯನ್ನು ಅಷ್ಟು ಸೊಗಸಾಗಿ ಬರೆದವರಿಗೆ ಮುಖದ ಹೋಲಿಕೆಯನ್ನು ಹಿಡಿಯಲು ಬರುತ್ತಿರಲಿಲ್ಲವೆ? ಹೋಲಿಕೆಯೇ ಇಲ್ಲದಿದ್ದರೆ ಅದನ್ನು ಭಾವಚಿತ್ರ ಎನ್ನುವುದು ಸರಿಯೆ?

ಉತ್ತರ: ಹೋಲಿಕೆ ಹಿಡಿಯಲು ಬರುತ್ತಿರಲಿಲ್ಲ ಎನ್ನುವುದಕ್ಕಿಂತ, ಅದನ್ನು ಅವರಿಂದ ಯಾರೂ ಕೇಳಿರಲಿಲ್ಲ ಎನ್ನುವುದು ಹೆಚ್ಚು ಸರಿ. ಒಟ್ಟೊ ಹುಟ್ಟಿದ್ದು 980ರಲ್ಲಿ. ಮೂರು ವರ್ಷದ ಮಗುವಾಗಿದ್ದಾಗಲೇ ಅವನಿಗೆ ಅರಸನ ಪಟ್ಟವಾಯಿತು, 996ರಲ್ಲಿ ರೋಮಿನಲ್ಲಿ ಚಕ್ರವರ್ತಿಯ ಕಿರೀಟ ಬಂತು, 1002ರ ಜನವರಿಯಲ್ಲಿ 21ನೆಯ ವಯಸ್ಸಿನಲ್ಲಿ ತೀರಿಕೊಂಡ. ಚಿತ್ರದಲ್ಲಿ ಅವನಿಗೆ ಗಡ್ಡ ಮೀಸೆ ಇಲ್ಲದ ಎಳೆಯ ಮುಖವಿರುವುದು ಅವನ ವಯಸ್ಸಿಗೆ ಒಪ್ಪುತ್ತದೆ. ಅದಕ್ಕಿಂತ ಹೆಚ್ಚಿನ ಗುರುತನ್ನು ಚಿತ್ರಕಾರ ಮುಖದಲ್ಲಿ ಇಟ್ಟಿಲ್ಲ. ಪವಿತ್ರ ತೈಲದಿಂದ ಅಭಿಷಿಕ್ತನಾದ ಅರಸನಲ್ಲಿ ಚಿತ್ರಕ್ಕೆ ಬೇಕಾದದ್ದು ಆ ಪದವಿ, ಅದನ್ನು ಕೊಟ್ಟ ದೇವರು ಮತ್ತು ಅದರ ಅಡಿಯಲ್ಲಿ ನಿಂತ ಜನ. ಮೂಗು ಮೊಂಡೋ ನೀಳವೋ ಎಂಬುದು ಆ ವಿಷಯಕ್ಕೆ ಸೇರಿದ್ದಲ್ಲ.

ಆದ್ದರಿಂದ ಇಂಥ ಚಿತ್ರವನ್ನು ನೋಡುವಾಗ ಮುಖವನ್ನು ಕೊನೆಗೆ ಇಟ್ಟುಕೊಳ್ಳಿ ಎಂದು ನಿಮ್ಮ ವಿದ್ಯಾರ್ಥಿಗಳಿಗೆ ಹೇಳಬಹುದು. ಮೊದಲು ಗಾತ್ರವನ್ನು ನೋಡಬೇಕು: ಕುಳಿತಿರುವ ಒಟ್ಟೊ ಪಕ್ಕದಲ್ಲಿ ನಿಂತವರಿಗಿಂತ ದೊಡ್ಡವನಾಗಿದ್ದಾನೆ. ಆಮೇಲೆ ಎಡಬಲವನ್ನು ನೋಡಬೇಕು. ಅವನ ಬಲಗಡೆ ಇರುವವರು ಇಬ್ಬರು ಧರ್ಮಾಧಿಕಾರಿಗಳು, ಎಡಗಡೆ ಇರುವವರು ಆಯುಧ ಹಿಡಿದ ಇಬ್ಬರು ಯೋಧರು. ಬಲಗಡೆ ಹೆಚ್ಚು ಗೌರವದ ಸ್ಥಾನವಾದ್ದರಿಂದ ರಾಜ್ಯದಲ್ಲಿ ಯಾರ ಮಾತು ಮೊದಲು ಎಂಬುದನ್ನು ಚಿತ್ರ ಅಲ್ಲಿಯೇ ಹೇಳಿಬಿಡುತ್ತದೆ. ಈ ಪುಸ್ತಕವನ್ನು ಬರೆದವರೂ ಮಠದವರೇ ಎಂಬುದನ್ನು ಇಲ್ಲಿ ಮರೆಯಬಾರದು. ಎದುರು ಪುಟದ ನಾಲ್ಕು ನಾಡುಗಳಲ್ಲಿ ರೋಮ್ ಎಲ್ಲರಿಗಿಂತ ಮುಂದೆ, ಅಂದರೆ ಚಕ್ರವರ್ತಿಗೆ ಅತಿ ಹತ್ತಿರದಲ್ಲಿದೆ. ಹಳೆಯ ರೋಮ್ ಸಾಮ್ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸುವ ಹಂಬಲ ಈ ಯುವಕನಿಗೆ ಇದ್ದುದರಿಂದ ಆ ಸ್ಥಾನ ಅದಕ್ಕೆ ಸುಮ್ಮನೆ ಬಂದದ್ದಲ್ಲ.

ಹೋಲಿಕೆಯ ಎಳೆ ಪೂರ್ತಿ ಇರಲಿಲ್ಲ ಎನ್ನಲೂ ಆಗದು. ಒಟ್ಟೊಗಿಂತ ನೂರೈವತ್ತು ವರ್ಷ ಹಿಂದೆ ಆಳಿದ ಬೋಳುತಲೆಯ ಚಾರ್ಲ್ಸ್ ಎಂಬ ಫ್ರಾಂಕರ ದೊರೆಯ ಚಿತ್ರಗಳು ಹಲವು ಪುಸ್ತಕಗಳಲ್ಲಿ ಉಳಿದಿವೆ. 845-46ರ ಹೊತ್ತಿಗೆ ಟೂರ್ ಪಟ್ಟಣದಲ್ಲಿ ತಯಾರಾದ ಬೈಬಲಿನಲ್ಲಿಯೂ 870ರ ಸುವರ್ಣಾಕ್ಷರಗಳ ಸುವಾರ್ತೆಯಲ್ಲಿಯೂ ಅವನಿಗೆ ದುಂಡು ಮುಖ ಮತ್ತು ಮೀಸೆ ಇವೆ. ಬೋಳುತಲೆ ಮಾತ್ರ ಎಲ್ಲಿಯೂ ಕಾಣುವುದಿಲ್ಲ.

ನೀವು ಕೇಳುವ ಅರ್ಥದ ಭಾವಚಿತ್ರ ಹಸ್ತಪ್ರತಿಗಳಿಗೆ ಗಟ್ಟಿಯಾಗಿ ಕಾಲಿಟ್ಟದ್ದು 14ನೇ ಶತಮಾನದಲ್ಲಿ. ನೆದರ್ಲೆಂಡ್ಸಿನ ಹೇಗ್ ನಗರದಲ್ಲಿರುವ ಒಂದು ಫ್ರೆಂಚ್ ಬೈಬಲಿನಲ್ಲಿ ಫ್ರಾನ್ಸಿನ ದೊರೆ ಐದನೆಯ ಚಾರ್ಲ್ಸ್‌ಗೆ ಅವನ ಪರಿಚಾರಕ ಜಾನ್ ದ ವೋದೆತಾರ್ ಮೊಣಕಾಲೂರಿ ಆ ಪುಸ್ತಕವನ್ನೇ ಒಪ್ಪಿಸುತ್ತಿರುವ ದೃಶ್ಯವಿದೆ. ಅರಸನ ತಲೆಯ ಮೇಲೆ ಕಿರೀಟವಿಲ್ಲ, ಒಂದು ಸಾಧಾರಣ ಬಿಳಿ ಟೊಪ್ಪಿಗೆಯಿದೆ. ಮುಖವನ್ನು ಪಕ್ಕದಿಂದ ಬರೆದಿರುವುದರಿಂದ ಅವನ ನೀಳ ಮೂಗು ಎದ್ದು ಕಾಣುತ್ತದೆ. ಎದುರು ಪುಟದಲ್ಲಿ, ದೊರೆಯ ಚಿತ್ರಕಾರನಾದ ಬ್ರೂಜ್ ಪಟ್ಟಣದ ಜಾನ್ ಈ ಚಿತ್ರವನ್ನು 1371ರಲ್ಲಿ ಸ್ವಹಸ್ತದಿಂದ ಬರೆದನೆಂದು ಚಿನ್ನದ ಅಕ್ಷರಗಳಲ್ಲಿ ಹೇಳಿದೆ. ಆಗ ಅಲ್ಲಿ ಹೊಸ ವರ್ಷ ಈಸ್ಟರ್ ಹಬ್ಬಕ್ಕೆ ಆರಂಭವಾಗುತ್ತಿದ್ದುದರಿಂದ ಇಂದಿನ ಲೆಕ್ಕದಲ್ಲಿ ಅದು 1372 ಆಗುತ್ತದೆ. ಅರಸನ ಮುಖಕ್ಕೆ ಬೆಲೆ ಬಂದ ಕಾಲದಲ್ಲಿಯೇ ಚಿತ್ರಕಾರನ ಹೆಸರಿಗೂ ಬೆಲೆ ಬಂತು ಎಂಬುದು ನನಗೆ ಈ ಪುಟದ ಬಹುಮುಖ್ಯ ಸಂಗತಿಯಾಗಿ ಕಾಣುತ್ತದೆ. ಚಿತ್ರಕಲೆಯನ್ನು ಕಲಿಸುವ ನೀವೂ ಇದನ್ನು ಒಪ್ಪುವಿರೆಂದು ಭಾವಿಸುತ್ತೇನೆ.

ಪ್ರಶ್ನೆ: ಸ್ವಾಮಿ, ನಾನು ಕೋಲಾರದಲ್ಲಿ ಅಕ್ಕಸಾಲಿ ಕೆಲಸ ಮಾಡುವವನು. ಪುಟದಲ್ಲಿ ಅರಸನ ಹಿಂದೆ ಹೊಳೆಯುತ್ತಿರುವುದು ನಿಜವಾದ ಚಿನ್ನವೋ, ಹಳದಿ ಬಣ್ಣವೋ? ನಿಜವಾದರೆ ಎಷ್ಟು ತೂಕ ಹಿಡಿಯುತ್ತಿತ್ತು, ಹಾಳೆಗೆ ಹೇಗೆ ಕೂರಿಸುತ್ತಿದ್ದರು? ಸಾವಿರ ವರ್ಷ ಆದರೂ ಅದು ಹೇಗೆ ಕಂದಿಲ್ಲ?

ಉತ್ತರ: ನಿಜವಾದ ಚಿನ್ನವೇ. ಕಂದದಿರುವ ಕಾರಣ ನಿಮಗೆ ನನಗಿಂತ ಚೆನ್ನಾಗಿ ಗೊತ್ತು: ಅಪರಂಜಿಗೆ ಗಾಳಿಯಿಂದ ಕಿಲುಬು ಹಿಡಿಯುವುದಿಲ್ಲ. ಇದೇ ಬಗೆಯ ಪುಸ್ತಕಗಳಲ್ಲಿ ಬೆಳ್ಳಿಯನ್ನು ಬಳಸಿದ ಕಡೆಯೆಲ್ಲ ಅದು ಈಗ ಕಪ್ಪಿಟ್ಟು ಹೋಗಿದೆ. ಎಷ್ಟೋ ಪುಟಗಳಲ್ಲಿ ಕತ್ತಿಯೂ ನೀರೂ ಮಸಿಯಂತೆ ಕಾಣುವುದಕ್ಕೆ ಕಾರಣ ಅದೇ.

ಮೊದಲು ಹಾಳೆಯ ವಿಷಯ. ಅದು ಕಾಗದವಲ್ಲ, ಕರು, ಕುರಿ ಅಥವಾ ಮೇಕೆಯ ಚರ್ಮ. ಚರ್ಮವನ್ನು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ಕೂದಲು ತೆಗೆದು, ಮರದ ಚೌಕಟ್ಟಿಗೆ ಬಿಗಿದು ಕಟ್ಟಿ, ಅರ್ಧಚಂದ್ರಾಕಾರದ ಬಾಗು ಕತ್ತಿಯಿಂದ ಹೆರೆದು, ಬಿಗಿಯುತ್ತ ಒಣಗಿಸುತ್ತ ತೆಳುವಾಗಿಸುತ್ತಿದ್ದರು. ಬರಹಗಾರ ಚಿತ್ರದ ಜಾಗ ಬಿಟ್ಟು ಪಠ್ಯವನ್ನು ಬರೆದು ಮುಗಿಸಿದ ಮೇಲೆ ಚಿತ್ರಕಾರನ ಸರದಿ ಬರುತ್ತಿತ್ತು. ಅವನು ರೇಖೆ ಎಳೆದ ಬಳಿಕ ಮೊದಲು ಚಿನ್ನವನ್ನು ಕೂರಿಸುತ್ತಿದ್ದ, ಆಮೇಲೆ ಬಣ್ಣ ಹಾಕುತ್ತಿದ್ದ. ರೇಕು, ಅಂದರೆ ಚಿನ್ನದ ತೆಳು ಹಾಳೆ, ಬಣ್ಣಕ್ಕೂ ಅಂಟಿಕೊಳ್ಳುವ ಸ್ವಭಾವದ್ದು, ಉಜ್ಜುವಾಗ ಪಕ್ಕದ ಬಣ್ಣ ಕೆಡುವ ಭಯವೂ ಉಂಟು. ಹಾಗಾಗಿ ಈ ಕ್ರಮ ತಪ್ಪುವಂತಿರಲಿಲ್ಲ.

ಚಿನ್ನವನ್ನು ಎರಡು ಬಗೆಯಲ್ಲಿ ಬಳಸುತ್ತಿದ್ದರು. ಒಂದು, ಅರೆದ ಚಿನ್ನದ ಪುಡಿಯನ್ನು ಗೋಂದಿನೊಡನೆ ಕಲಸಿ ಚಿಪ್ಪಿನಲ್ಲಿಟ್ಟುಕೊಂಡು ಕುಂಚದಿಂದ ಬರೆಯುವುದು. ಇನ್ನೊಂದು, ಬಡಿದು ತೆಳುವಾಗಿಸಿದ ರೇಕನ್ನು ಅಂಟಿಸುವುದು. ಒಟ್ಟೊನ ಕಾಲದ ಪುಟಗಳಲ್ಲಿ ಚಿನ್ನ ಹಾಳೆಗೆ ಸಮನಾಗಿ ಕುಳಿತಿದೆ. ಮುಂದಿನ ಶತಮಾನಗಳಲ್ಲಿ ಸೀಮೆಸುಣ್ಣ, ಅಂಟು, ಒಂದಿಷ್ಟು ಕೆಮ್ಮಣ್ಣು ಸೇರಿಸಿದ ಉಬ್ಬು ನೆಲೆಯನ್ನು ಕಟ್ಟಿ ಅದರ ಮೇಲೆ ರೇಕು ಕೂರಿಸುವ ಪದ್ಧತಿ ಬಲಿಯಿತು. ಒಣಗಿದ ನೆಲೆಯ ಮೇಲೆ ಕೊಳವೆಯಿಂದ ಬಾಯಿಯ ಬಿಸಿಯುಸಿರನ್ನು ಊದಿದರೆ ಅಂಟು ತುಸು ಎಚ್ಚೆತ್ತುಕೊಳ್ಳುತ್ತದೆ. ಆ ಕ್ಷಣದಲ್ಲಿಯೇ ರೇಕನ್ನು ಇಟ್ಟು ಒತ್ತಬೇಕು. ಮೈಸೂರು ಶೈಲಿಯ ಚಿತ್ರಕಾರರು ಉಬ್ಬು ಕೆಲಸದ ಮೇಲೆ ರೇಕು ಹಾಕುವುದನ್ನು ನೀವು ಕಂಡಿದ್ದರೆ ಇದು ಅಷ್ಟೇನೂ ಅಪರಿಚಿತವೆನಿಸದು. ಕೊನೆಗೆ ನಯವಾದ ಕಲ್ಲಿನಿಂದಲೋ ಪ್ರಾಣಿಯ ಹಲ್ಲಿನಿಂದಲೋ ತಿಕ್ಕಿ ಮೆರುಗು ಕೊಡುತ್ತಿದ್ದರು. 1400ರ ಸುಮಾರಿನಲ್ಲಿ ಚಿತ್ರಕಾರರಿಗಾಗಿ ಕೈಪಿಡಿ ಬರೆದ ಇಟಲಿಯ ಚೆನ್ನಿನೊ ಚೆನ್ನಿನಿ ಎಂಬುವನು ನಾಯಿ, ತೋಳ, ಬೆಕ್ಕು ಮೊದಲಾದ ಮಾಂಸಾಹಾರಿ ಪ್ರಾಣಿಗಳ ಹಲ್ಲು ಇದಕ್ಕೆ ಒಳ್ಳೆಯದು ಎನ್ನುತ್ತಾನೆ.

ತೂಕದ ಪ್ರಶ್ನೆಗೂ ಅವನಲ್ಲಿಯೇ ಉತ್ತರವಿದೆ. ಒಂದು ಡುಕಾಟ್ ನಾಣ್ಯದಿಂದ, ಅಂದರೆ ಸುಮಾರು ಮೂರೂವರೆ ಗ್ರಾಂ ಚಿನ್ನದಿಂದ, ರೇಕು ಬಡಿಯುವವರು 145 ಹಾಳೆ ತೆಗೆಯುತ್ತಾರೆ; ಸಮತಟ್ಟು ಜಾಗಕ್ಕೆ ಹಾಕುವ ರೇಕನ್ನು 100ಕ್ಕಿಂತ ಹೆಚ್ಚು ತೆಗೆಯಬಾರದು ಎಂಬುದು ಅವನ ಬುದ್ಧಿಮಾತು. ಆ ಲೆಕ್ಕದಲ್ಲಿ ಒಂದು ರೇಕಿಗೆ ಸುಮಾರು 35 ಮಿಲಿಗ್ರಾಂ ಬೀಳುತ್ತದೆ. ಹೀಗಾಗಿ ಇಡೀ ಪುಟ ಚಿನ್ನದಿಂದ ತುಂಬಿದ್ದರೂ ತೂಕ ನೀವು ಊಹಿಸಿದ್ದಕ್ಕಿಂತ ಬಹಳ ಕಡಿಮೆ. ಬಣ್ಣಗಳಲ್ಲಿ ಅತ್ಯುತ್ತಮವಾದ ನೀಲಿಯೂ ಅಗ್ಗದ್ದಲ್ಲ. ಅದನ್ನು ಆಫ್ಘಾನಿಸ್ತಾನದ ಬದಖ್ಶಾನ್ ಬೆಟ್ಟಗಳ ನೀಲಿ ಕಲ್ಲನ್ನು ಅರೆದು ತಯಾರಿಸುತ್ತಿದ್ದರು. ಆ ಕಲ್ಲು ಯೂರೋಪಿಗೆ ಬರಬೇಕಾದರೆ ಹಲವು ದೇಶಗಳ ವರ್ತಕರ ಕೈದಾಟಬೇಕಿತ್ತು.

ಪ್ರಶ್ನೆ: ಒಟ್ಟೊನ ಕೈಯಲ್ಲಿರುವ ಚೆಂಡು ಏನು? (ಮಧುಗಿರಿಯ ಒಬ್ಬ ಬಾಲಕಿ)

ಉತ್ತರ: ಅದು ಭೂಮಂಡಲ, ಮಗು. ಅದರ ಮೇಲಿನ ಶಿಲುಬೆ, ಜಗತ್ತು ಕ್ರಿಸ್ತನದು, ಅರಸ ಅದನ್ನು ಅವನ ಪರವಾಗಿ ಹಿಡಿದುಕೊಂಡಿದ್ದಾನೆ ಎಂದು ಹೇಳುತ್ತದೆ. ಭೂಮಿ ದುಂಡಗಿದೆ ಎಂಬುದು ಆ ಕಾಲದ ಓದುಬರಹ ಬಲ್ಲವರಿಗೆ ತಿಳಿದೇ ಇತ್ತು.

ಪ್ರಶ್ನೆ: ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದೇನೆ. ಇವೆಲ್ಲ ಅರಸರು ಜನರಿಗೆ ತಮ್ಮ ಹಿರಿಮೆಯನ್ನು ಸಾರಲು ಮಾಡಿಸಿದ ಪ್ರಚಾರ ಚಿತ್ರಗಳು ಎಂದು ತರಗತಿಯಲ್ಲಿ ಚರ್ಚೆಯಾಯಿತು. ಇದು ಸರಿಯೆ, ಸರ್?

ಉತ್ತರ: ಸರಿಯಲ್ಲ ಎಂದು ನಾನು ಖಚಿತವಾಗಿ ಭಾವಿಸುತ್ತೇನೆ, ಈ ವಿಷಯದಲ್ಲಿ ನನಗೆ ಮುಖ್ಯವೆನಿಸುವ ಮಾತೂ ಇದೇ ಆಗಿರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಪ್ರಚಾರ ಎಂದರೆ ನೋಡುವ ಜನ ಇರಬೇಕು. ಈ ಪುಸ್ತಕಗಳು ಮಠದ ಭಂಡಾರದಲ್ಲಿಯೋ ಪ್ರಧಾನ ಚರ್ಚಿನ ಪೂಜಾಪೀಠದ ಬಳಿಯೋ ಮುಚ್ಚಿ ಇಟ್ಟಿದ್ದವು. ರೈತನಿಗೆ, ಸಂತೆಯ ವ್ಯಾಪಾರಿಗೆ, ಸೈನಿಕನಿಗೆ ಅವುಗಳ ಒಳಪುಟ ಕಣ್ಣಿಗೆ ಬೀಳುವ ಸಂದರ್ಭವೇ ಇರಲಿಲ್ಲ. ಜನರಿಗೆ ಮುಖ ತೋರಿಸಲು ಅರಸರಿಗೆ ನಾಣ್ಯವಿತ್ತು, ಮುದ್ರೆಯಿತ್ತು, ಮೆರವಣಿಗೆಯಿತ್ತು.

ಹಾಗಾದರೆ ನೋಡುವವರು ಯಾರು? ಇಂಗ್ಲೆಂಡಿನ ದೊರೆ ಎಡ್ಗರನ ಚಿತ್ರವನ್ನು ಗಮನಿಸಿ. ವಿಂಚೆಸ್ಟರಿನ ಹೊಸ ಮಠದಲ್ಲಿ ಹಿಂದೆ ಇದ್ದ ಪಾದ್ರಿಗಳನ್ನು ಹೊರಗೆ ಕಳಿಸಿ ಕಟ್ಟುನಿಟ್ಟಿನ ಸನ್ಯಾಸಿಗಳನ್ನು ನೆಲೆಗೊಳಿಸಿದ್ದನ್ನು ಸ್ಥಿರಪಡಿಸಲು 966ರಲ್ಲಿ ಅವನು ಒಂದು ದತ್ತಿಪತ್ರವನ್ನು ಕೊಟ್ಟ. ಅದು ಒಂಟಿ ಹಾಳೆಯಲ್ಲ, ಪುಸ್ತಕದ ಆಕಾರದಲ್ಲಿದೆ. ಪಠ್ಯವೆಲ್ಲ ಚಿನ್ನದ ಅಕ್ಷರದಲ್ಲಿದೆ. ಅದರ ಆರಂಭದ ಚಿತ್ರದಲ್ಲಿ ಮೇಲೆ ದೇವದೂತರು ಎತ್ತಿ ಹಿಡಿದ ಪ್ರಭಾವಳಿಯೊಳಗೆ ಕ್ರಿಸ್ತ, ಕೆಳಗೆ ಎರಡು ಬದಿಗೆ ಮೇರಿ ಮತ್ತು ಸಂತ ಪೀಟರ್, ನಡುವೆ ಎಡ್ಗರ್ ಇದ್ದಾರೆ. ಎಡ್ಗರ್ ನಮಗೆ ಬೆನ್ನು ಮಾಡಿ, ಕುತ್ತಿಗೆಯನ್ನು ತಿರುಚಿ ಮೇಲೆ ನೋಡುತ್ತ, ಎರಡೂ ಕೈಯೆತ್ತಿ ದತ್ತಿಪತ್ರವನ್ನು ಕ್ರಿಸ್ತನಿಗೆ ಒಪ್ಪಿಸುತ್ತಿದ್ದಾನೆ. ಪ್ರಜೆಗಳಿಗೆ ಹಿರಿಮೆ ತೋರಿಸಬೇಕೆಂದಿದ್ದವನು ಬೆನ್ನು ತೋರಿಸಿ ನಿಲ್ಲುವುದಿಲ್ಲ. ಆ ಪುಟ ತಲುಪಬೇಕಾದವನು ಮೇಲಿರುವವನು. ನಾವು ಹಿಂದಿನಿಂದ ನೋಡುವ ಸಾಕ್ಷಿಗಳಷ್ಟೆ.

ಕೋಲಾರ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ದಾನಶಾಸನಗಳ ಕಲ್ಲುಗಳೇ ಸಾಕು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಕಲ್ಲುಗಳೂ ಸೇರಿವೆ. ಇಂಥ ಕಲ್ಲುಗಳ ನೆತ್ತಿಯಲ್ಲಿ ಸೂರ್ಯ ಚಂದ್ರರನ್ನು ಕೊರೆಯುವುದು ಅವು ಇರುವವರೆಗೂ ದಾನ ನಡೆಯಲಿ ಎಂಬುದಕ್ಕೆ. ಕೊನೆಯಲ್ಲಿ ದಾನವನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆಂಬ ಶಾಪವಿರುತ್ತದೆ. ಎಡ್ಗರನ ದತ್ತಿಪತ್ರದಲ್ಲಿಯೂ ಅದನ್ನು ಮುರಿದವರಿಗೆ ಶಾಪವಿದೆ. ಎರಡು ನಾಡುಗಳ ನಡುವೆ ಯಾವ ಕೊಡುಕೊಳೆಯೂ ಇಲ್ಲದ ಕಾಲದಲ್ಲಿ, ಕೊಟ್ಟದ್ದು ಕಾಲಕ್ಕೆ ಮೀರಿ ನಿಲ್ಲಬೇಕೆಂಬ ಒಂದೇ ಆತಂಕ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಬಗೆಯ ಭಾಷೆಯನ್ನು ಹುಡುಕಿಕೊಂಡಿದೆ.

ವಿಂಚೆಸ್ಟರಿನ ಅದೇ ಹೊಸ ಮಠದ ಇನ್ನೊಂದು ಪುಸ್ತಕ 1031ರದು. ಡೆನ್ಮಾರ್ಕಿನಿಂದ ಬಂದು 1016ರಲ್ಲಿ ಇಂಗ್ಲೆಂಡನ್ನು ಗೆದ್ದ ಕ್ನೂಟ್ ದೊರೆಯೂ ಅವನ ರಾಣಿ ಎಮ್ಮಾಳೂ ಅದರಲ್ಲಿ ಪೂಜಾಪೀಠದ ಮೇಲೆ ದೊಡ್ಡ ಚಿನ್ನದ ಶಿಲುಬೆಯನ್ನು ಇರಿಸುತ್ತಿದ್ದಾರೆ. ಕ್ನೂಟನ ಒಂದು ಕೈ ಶಿಲುಬೆಯ ಮೇಲಿದೆ, ಇನ್ನೊಂದು ಕೈ ಕತ್ತಿಯ ಹಿಡಿಯ ಮೇಲೆಯೇ ಉಳಿದಿದೆ. ಒಬ್ಬ ದೇವದೂತ ಅವನ ತಲೆಗೆ ಕಿರೀಟವಿಡುತ್ತ ಮತ್ತೊಂದು ಕೈಯಿಂದ ಮೇಲಿರುವ ಕ್ರಿಸ್ತನನ್ನು ತೋರಿಸುತ್ತಾನೆ. ಪುಟದ ಬುಡದಲ್ಲಿ ಕಮಾನುಗಳ ಕೆಳಗೆ ಸನ್ಯಾಸಿಗಳು ತಲೆಯೆತ್ತಿ ನೋಡುತ್ತಿದ್ದಾರೆ, ಅವರಲ್ಲಿ ಒಬ್ಬನ ಕೈಯಲ್ಲಿ ಪುಸ್ತಕವಿದೆ. ಈ ಚಿತ್ರವಿರುವ ಗ್ರಂಥವಾದರೂ ಏನು? ಮಠದವರ ಮತ್ತು ಮಠಕ್ಕೆ ದಾನ ಕೊಟ್ಟವರ ಹೆಸರುಗಳ ಪಟ್ಟಿ. ಪೂಜೆಯ ವೇಳೆ ಆ ಪುಸ್ತಕವನ್ನು ಪೀಠದ ಮೇಲಿಟ್ಟು, ಅದರಲ್ಲಿರುವ ಎಲ್ಲರಿಗಾಗಿಯೂ ಪ್ರಾರ್ಥಿಸುತ್ತಿದ್ದರು. ರಕ್ತ ಹರಿಸಿ ಪಟ್ಟಕ್ಕೆ ಬಂದ ಪರನಾಡಿನ ಅರಸನಿಗೆ ಇಂಥ ಪಟ್ಟಿಯಲ್ಲಿ ಸ್ಥಾನ ಸಿಗುವುದು ಎಷ್ಟು ದೊಡ್ಡ ಮಾತಾಗಿತ್ತೆಂಬುದನ್ನು ನೀವೇ ಊಹಿಸಿಕೊಳ್ಳಬಹುದು.

ಒಟ್ಟೊನ ಇನ್ನೊಂದು ಚಿತ್ರ ಜರ್ಮನಿಯ ಆಖನ್ ನಗರದ ಚರ್ಚಿನ ಭಂಡಾರದಲ್ಲಿರುವ ಸುವಾರ್ತೆಯಲ್ಲಿದೆ. ಅಲ್ಲಿ ಅವನು ಪ್ರಭಾವಳಿಯೊಳಗೆ ಕುಳಿತಿದ್ದಾನೆ, ಭೂದೇವಿ ಅವನ ಪೀಠವನ್ನು ಹೊತ್ತಿದ್ದಾಳೆ, ಮೇಲಿನಿಂದ ದೇವರ ಹಸ್ತ ಅವನ ಕಿರೀಟವನ್ನು ಮುಟ್ಟುತ್ತಿದೆ. ಇಷ್ಟನ್ನೇ ನೋಡಿದರೆ ನಿಮ್ಮ ತರಗತಿಯ ವಾದಕ್ಕೆ ಬಲ ಬಂದಂತೆ ತೋರಬಹುದು. ಆದರೆ ಎದುರು ಪುಟದಲ್ಲಿ ಪುಸ್ತಕ ಹಿಡಿದು ನಿಂತ ಲಿಯುಥಾರ್ ಎಂಬ ಸನ್ಯಾಸಿಯ ಸುತ್ತ ಬರೆದಿರುವ ಮಾತು ಇದು: ಒಟ್ಟೊ, ಈ ಪುಸ್ತಕದಿಂದ ದೇವರು ನಿನ್ನ ಹೃದಯವನ್ನು ಹೊದಿಸಲಿ, ಇದು ಲಿಯುಥಾರನಿಂದ ನಿನಗೆ ಬಂದದ್ದೆಂಬುದನ್ನು ನೆನಪಿಡು. ಅರಸನ ಎತ್ತರವನ್ನು ಬರೆದ ಕೈಯೇ ಅವನಿಗೆ ಪ್ರಾರ್ಥನೆಯನ್ನೂ ಬರೆದಿದೆ, ತನಗೊಂದು ಬೇಡಿಕೆಯನ್ನೂ ಬರೆದುಕೊಂಡಿದೆ. ಅಧಿಕಾರದ ಮಾತು ಈ ಚಿತ್ರಗಳಲ್ಲಿ ಇಲ್ಲವೆಂದಲ್ಲ. ಅದು ಅರಸ, ಮಠ ಮತ್ತು ದೇವರು ಈ ಮೂವರ ನಡುವಿನ ಮಾತು, ನಾಲ್ಕನೆಯವರಿಗೆ ಸಾರುವುದಲ್ಲ.

ಪ್ರಶ್ನೆ: ಪಟ್ಟದ ಮೇಲಿದ್ದವನು ಇಳಿದು ಬೇರೆಯವನು ಬಂದರೆ, ಅರ್ಧ ಮುಗಿದ ಇಂಥ ಪುಸ್ತಕದ ಗತಿ ಏನಾಗುತ್ತಿತ್ತು? (ಶಿರಾದ ಒಬ್ಬ ನಿವೃತ್ತ ಕಂದಾಯ ಅಧಿಕಾರಿ)

ಉತ್ತರ: ಹೆಸರು ತಿದ್ದುತ್ತಿದ್ದರು. ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸಂತ ಜಾನ್ ಕ್ರಿಸೊಸ್ಟಮನ ಪ್ರವಚನಗಳ ಒಂದು ಗ್ರೀಕ್ ಪ್ರತಿಯಿದೆ. ಅದರಲ್ಲಿ ಬೈಜಾಂಟಿಯಮ್ಮಿನ, ಅಂದರೆ ಪೂರ್ವ ರೋಮ್ ಸಾಮ್ರಾಜ್ಯದ, ಚಕ್ರವರ್ತಿ ಮೂರನೆಯ ನೈಕಿಫೊರೊಸನ ಸೊಗಸಾದ ಚಿತ್ರಗಳಿವೆ. ಅವನು ಆಳಿದ್ದು 1078ರಿಂದ 1081ರವರೆಗೆ. ಆದರೆ ಈ ಚಿತ್ರಗಳನ್ನು ಮೊದಲು ಬರೆದದ್ದು ಅವನಿಗಿಂತ ಹಿಂದೆ ಆಳಿದ ಏಳನೆಯ ಮೈಕೇಲನಿಗಾಗಿ, ಅವನು ಪದಚ್ಯುತನಾದ ಮೇಲೆ ಶೀರ್ಷಿಕೆಗಳನ್ನು ತಿದ್ದಿ ಹೊಸಬನಿಗೆ ಹೊಂದಿಸಿದರು ಎಂದು ವಿದ್ವಾಂಸರಲ್ಲಿ ಹಲವರು ಒಪ್ಪುತ್ತಾರೆ. ಒಂದು ಚಿತ್ರದಲ್ಲಿ ಚಕ್ರವರ್ತಿಯ ಪಕ್ಕದಲ್ಲಿ ಪ್ರಧಾನ ದೇವದೂತ ಮೈಕೇಲ ನಿಂತಿರುವುದು ಮೊದಲಿನವನ ಹೆಸರಿನ ಸುಳಿವನ್ನು ಇನ್ನೂ ಉಳಿಸಿಕೊಂಡಿದೆ. ರಾಣಿಯ ಚಿತ್ರವನ್ನು ಮಾತ್ರ ಬದಲಾಯಿಸಬೇಕಾಗಲಿಲ್ಲ. ಜಾರ್ಜಿಯಾ ದೇಶದ ರಾಜಕುಮಾರಿ ಮರಿಯಾ ಮೊದಲು ಮೈಕೇಲನ ಹೆಂಡತಿಯಾಗಿದ್ದು, ಆನಂತರ ನೈಕಿಫೊರೊಸನನ್ನೂ ಮದುವೆಯಾದಳು.

ಕಂದಾಯ ದಾಖಲೆಗಳಲ್ಲಿ ಖಾತೆ ಬದಲಾವಣೆಯನ್ನು ಕಂಡ ನಿಮಗೆ ನಮ್ಮ ದಖ್ಖನಿನ ಇನ್ನೊಂದು ಉದಾಹರಣೆಯೂ ಆಸಕ್ತಿಕರವಾದೀತು. ತಾಳಿಕೋಟೆಯ ಯುದ್ಧದಲ್ಲಿ ಗೆದ್ದ ಅಹಮದ್‌ನಗರದ ಸುಲ್ತಾನ ಹುಸೇನ್ ನಿಜಾಮ್ ಶಾಹನ ಕೀರ್ತಿಯನ್ನು ಹಾಡುವ ಪಾರಸಿ ಕಾವ್ಯದ ಚಿತ್ರಿತ ಪ್ರತಿಯೊಂದು ಪುಣೆಯಲ್ಲಿದೆ. 1565ರಲ್ಲಿ ನಮ್ಮ ರಾಮರಾಯನ ಶಿರಚ್ಛೇದವನ್ನೂ ಅದರಲ್ಲಿ ಚಿತ್ರಿಸಿದ್ದಾರೆ. ಅದರ ಹಲವು ಪುಟಗಳಲ್ಲಿ ಸುಲ್ತಾನನ ಜೊತೆಯಲ್ಲಿಯೇ ಕುಳಿತಿದ್ದ ರಾಣಿ 'ಖುಂಜಾ ಹುಮಾಯೂನ್'ಳ ಆಕೃತಿಯನ್ನು ಆನಂತರ ಅಳಿಸಲಾಗಿದೆ. ಗಂಡ ಸತ್ತ ಮೇಲೆ ಎಳೆಯ ಮಗನ ಪರವಾಗಿ ರಾಜ್ಯವಾಳಿದ ಆಕೆಯನ್ನು ಮುಂದೆ ಆ ಮಗನೇ ಸೆರೆಯಲ್ಲಿಟ್ಟ. ಸುಲ್ತಾನನ ಪಕ್ಕದಲ್ಲಿ ಉಳಿದಿರುವ ಆ ಮಸುಕು ಜಾಗ ಅವಳ ಕಾಲದ ಅಧಿಕಾರಕ್ಕೂ ಆನಂತರದ ಸೋಲಿಗೂ ಒಟ್ಟಿಗೆ ಸಾಕ್ಷಿಯಾಗಿದೆ.

ಪ್ರಶ್ನೆ: ಈ ಪುಸ್ತಕಗಳಲ್ಲಿ ರಾಣಿಯರು ಗಂಡನ ಪಕ್ಕದಲ್ಲಿ ನಿಲ್ಲುವುದಕ್ಕಷ್ಟೇ ಇದ್ದಾರೆಯೆ? (ಗೌರಿಬಿದನೂರಿನ ಓದುಗರೊಬ್ಬರು)

ಉತ್ತರ: ಇಲ್ಲ ಮೇಡಂ. ಮೇಲೆ ಹೇಳಿದ ಎಮ್ಮಾಳೇ ಕ್ನೂಟನ ಮರಣಾನಂತರ, 1041-42ರ ಹೊತ್ತಿಗೆ ತನ್ನನ್ನು ಕುರಿತು ಒಂದು ಗ್ರಂಥವನ್ನು ಬರೆಸಿದಳು. ಅದರ ಮೊದಲ ಚಿತ್ರದಲ್ಲಿ ಕಿರೀಟ ಧರಿಸಿದ ಅವಳೊಬ್ಬಳೇ ಸಿಂಹಾಸನದಲ್ಲಿದ್ದಾಳೆ. ಗ್ರಂಥಕರ್ತ ಮೊಣಕಾಲೂರಿ ಪುಸ್ತಕವನ್ನು ಒಪ್ಪಿಸುತ್ತಿದ್ದರೆ, ಅರಸರಾದ ಅವಳ ಇಬ್ಬರು ಗಂಡುಮಕ್ಕಳು ಬದಿಯಿಂದ ಇಣುಕಿ ನೋಡುತ್ತಿದ್ದಾರೆ.

ಇದಕ್ಕಿಂತಲೂ ಬಲವಾದ ಚಿತ್ರ ಇಟಲಿಯ ಟಸ್ಕನಿ ಪ್ರಾಂತವನ್ನಾಳಿದ ಮಟಿಲ್ಡಾಳದು. ಪೋಪ್ ಏಳನೆಯ ಗ್ರೆಗರಿಯಿಂದ ಬಹಿಷ್ಕಾರಕ್ಕೆ ಒಳಗಾದ ಜರ್ಮನಿಯ ದೊರೆ ನಾಲ್ಕನೆಯ ಹೆನ್ರಿ 1077ರ ಜನವರಿಯ ಚಳಿಯಲ್ಲಿ ಅವಳ ಕನೊಸ್ಸ ಕೋಟೆಯ ಬಾಗಿಲಿಗೆ ಬಂದು ಕ್ಷಮೆಗಾಗಿ ಕಾದು ನಿಂತ. ಕನೊಸ್ಸ ಮಠದ ಸನ್ಯಾಸಿ ದೊನಿಜೊ 1115ರ ಹೊತ್ತಿಗೆ ಬರೆದು ಮುಗಿಸಿದ ಮಟಿಲ್ಡಾಳ ಚರಿತೆಯ ಪ್ರತಿ ಈಗ ವ್ಯಾಟಿಕನ್ನಿನಲ್ಲಿದೆ. ಅದರಲ್ಲಿ ಹೆನ್ರಿ ಮಂಡಿಯೂರಿದ್ದಾನೆ. ಒಂದು ಬದಿಗೆ ಕ್ಲುನಿ ಮಠಾಧಿಪತಿ ಹ್ಯೂ, ಇನ್ನೊಂದು ಬದಿಗೆ ಕಮಾನಿನ ಕೆಳಗೆ ಪೀಠದಲ್ಲಿ ಮಟಿಲ್ಡಾ ಇದ್ದಾರೆ. ದೊರೆ ಮಠಾಧಿಪತಿಯನ್ನು ಕೇಳಿಕೊಳ್ಳುತ್ತಾನೆ, ಮಟಿಲ್ಡಾಳನ್ನು ಬೇಡಿಕೊಳ್ಳುತ್ತಾನೆ ಎಂದು ಅಡಿಬರಹ ಹೇಳುತ್ತದೆ. ಕ್ಷಮಿಸಬೇಕಾದ ಪೋಪ್ ಚಿತ್ರದಲ್ಲಿಯೇ ಇಲ್ಲ. ಮಾತು ಯಾರ ಮೂಲಕ ನಡೆಯಿತೋ ಅವರನ್ನಷ್ಟೇ ಚಿತ್ರಕಾರ ಇಟ್ಟಿದ್ದಾನೆ.

ಪ್ರಶ್ನೆ: ಮುಸ್ಲಿಮ್ ಅರಸರ ಪುಸ್ತಕಗಳಲ್ಲಿ, ನಮ್ಮ ದೇಶದಲ್ಲಿ ಈ ಪದ್ಧತಿ ಇತ್ತೆ? (ಮುಳಬಾಗಿಲು)

ಉತ್ತರ: ಇತ್ತು. ಇರಾಕಿನ ಮೋಸುಲ್ ನಗರದ ಬದ್ರುದ್ದೀನ್ ಲೂಲೂ 1217-19ರ ಸುಮಾರಿನಲ್ಲಿ ಒಂದು ಹಾಡುಗಳ ಬೃಹತ್ ಸಂಗ್ರಹವನ್ನು ಹಲವು ಸಂಪುಟಗಳಲ್ಲಿ ಬರೆಸಿದ. ಅವುಗಳ ಮುಖಚಿತ್ರಗಳಲ್ಲಿ ಪರಿವಾರದವರ ನಡುವೆ ಅವನೊಬ್ಬನೇ ದೊಡ್ಡದಾಗಿ ಕಾಣುತ್ತಾನೆ. ತೋಳಿನ ಪಟ್ಟಿಗಳ ಮೇಲೆ ಅವನ ಹೆಸರನ್ನು ಬರೆದಿದೆ. ಗುಲಾಮಗಿರಿಯಿಂದ ಮೇಲೆ ಬಂದ ಅವನು ಆಗಿನ್ನೂ ಅಧಿಕೃತವಾಗಿ ಅರಸನಾಗಿರಲಿಲ್ಲ, ಬೇರೆಯವರ ಹೆಸರಿನಲ್ಲಿ ಆಡಳಿತ ನಡೆಸುತ್ತಿದ್ದ. ಹೀಗಾಗಿ ತೋಳಿನ ಮೇಲಿನ ಆ ಹೆಸರಿಗೆ ತೂಕವಿದೆ. ನಮ್ಮ ದೇಶದಲ್ಲಿ ಮಾಳವದ ಮಾಂಡುವಿನ ಸುಲ್ತಾನ ಘಿಯಾಸ್ ಶಾಹನಿಗಾಗಿ 1500ರ ಆಸುಪಾಸಿನಲ್ಲಿ ಸಿದ್ಧವಾದ ಅಡುಗೆಯ ಪುಸ್ತಕ ಲಂಡನ್ನಿನಲ್ಲಿದೆ. ಅದರ ಚಿತ್ರಗಳಲ್ಲಿ ದೊಡ್ಡ ಮೀಸೆಯ ಸುಲ್ತಾನ, ಅಡುಗೆಯವರು ಸಮೋಸ ಮಾಡುವುದನ್ನೂ ಪಾನಕ ಸಿದ್ಧಪಡಿಸುವುದನ್ನೂ ನೋಡುತ್ತ ಕುಳಿತಿರುತ್ತಾನೆ.

ಕನ್ನಡ ನಾಡಿನಲ್ಲಿ ಹೊಯ್ಸಳರ ಕಾಲದ, 12ನೇ ಶತಮಾನದ, ಜೈನರ ಧವಲಾ ಗ್ರಂಥಗಳ ಚಿತ್ರಿತ ತಾಳೆಗರಿಗಳು ಮೂಡಬಿದಿರೆಯಲ್ಲಿವೆ. ತೀರ್ಥಂಕರರು, ಯಕ್ಷಯಕ್ಷಿಯರು ಮತ್ತು ಭಕ್ತರು ಆ ಕಿರಿದಾದ ಗರಿಗಳ ಮೇಲೆ ಕಾಣುತ್ತಾರೆ. ದೊಡ್ಡ ಗಾತ್ರದ ಅರಸರನ್ನೂ ದಾನಿಗಳನ್ನೂ ನಮ್ಮವರು ಪುಸ್ತಕಕ್ಕಿಂತ ಗುಡಿಯಲ್ಲಿ ಹೆಚ್ಚಾಗಿ ನಿಲ್ಲಿಸಿದರು. ನಿಮ್ಮ ಊರಿನಿಂದ ತಿರುಪತಿ ದೂರವಲ್ಲ. ಅಲ್ಲಿನ ಬೆಟ್ಟದ ದೇವಾಲಯದಲ್ಲಿ ಕೃಷ್ಣದೇವರಾಯನೂ ತಿರುಮಲದೇವಿ, ಚಿನ್ನಾದೇವಿಯರೂ ಕೈಮುಗಿದು ನಿಂತ ಲೋಹದ ಪ್ರತಿಮೆಗಳಿವೆ, ಭುಜದ ಮೇಲೆ ಅವರವರ ಹೆಸರು ಕೆತ್ತಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಗಡಿಗೆ ಹತ್ತಿರದ ಲೇಪಾಕ್ಷಿಯ ವೀರಭದ್ರ ಗುಡಿಯ ಮೇಲ್ಛಾವಣಿಯಲ್ಲಿ, ಗುಡಿ ಕಟ್ಟಿಸಿದ ವಿರೂಪಣ್ಣ ಮತ್ತು ವೀರಣ್ಣ ಸೋದರರು ಎತ್ತರದ ಕುಲಾವಿ ಧರಿಸಿ ಪರಿವಾರದೊಡನೆ ಪ್ರಸಾದ ಸ್ವೀಕರಿಸುತ್ತಿರುವ 16ನೇ ಶತಮಾನದ ವರ್ಣಚಿತ್ರವಿದೆ. ಅವರು ಅರಸರಲ್ಲ, ವಿಜಯನಗರದ ಅಧಿಕಾರಿಗಳು. ಆದರೂ ಎಡ್ಗರನಂತೆಯೇ ಅವರ ಕಣ್ಣು ದೇವರ ಕಡೆಗಿದೆ ಎಂಬುದನ್ನು ಅಲ್ಲಿಗೆ ಹೋದಾಗ ಗಮನಿಸಿ.

ಪ್ರಶ್ನೆ: ಇವನ್ನು ವಿದೇಶಕ್ಕೆ ಹೋಗದೆ ನೋಡುವ ದಾರಿ ಇದೆಯೆ? (ಬಾಗೇಪಲ್ಲಿಯ ಒಬ್ಬ ಗ್ರಂಥಪಾಲಕರು)

ಉತ್ತರ: ಮ್ಯೂನಿಕ್ ಮತ್ತು ಹೈಡೆಲ್‌ಬರ್ಗ್ ಗ್ರಂಥಾಲಯಗಳು ತಮ್ಮ ಮುಖ್ಯ ಹಸ್ತಪ್ರತಿಗಳ ಎಲ್ಲ ಪುಟಗಳನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿವೆ, ಮೊಬೈಲ್ ಫೋನಿನಲ್ಲಿಯೇ ಚಿತ್ರವನ್ನು ಹಿಗ್ಗಿಸಿ ಕುಂಚದ ಗೆರೆಯವರೆಗೂ ನೋಡಬಹುದು. ನಿಮ್ಮ ಗ್ರಂಥಾಲಯಕ್ಕೆ ಬರುವ ಮಕ್ಕಳಿಗೆ ತೋರಿಸುವುದಾದರೆ ಹೈಡೆಲ್‌ಬರ್ಗಿನ ಮಾನೆಸ್ಸೆ ಹಸ್ತಪ್ರತಿಯಿಂದ ಆರಂಭಿಸುವುದು ಒಳ್ಳೆಯದು. 1300ರಿಂದ 1340ರ ನಡುವೆ ಸಿದ್ಧವಾದ ಆ ಕವಿತಾ ಸಂಗ್ರಹದಲ್ಲಿ ಕವಿಗಳ 137 ಚಿತ್ರಗಳಿದ್ದು, ಕವಿಗಳನ್ನು ಅಂತಸ್ತಿನ ಕ್ರಮದಲ್ಲಿ ಜೋಡಿಸಲಾಗಿದೆ. ಮೊದಲ ಚಿತ್ರ 1197ರಲ್ಲಿಯೇ ತೀರಿಕೊಂಡಿದ್ದ ಚಕ್ರವರ್ತಿ ಆರನೆಯ ಹೆನ್ರಿಯದು. ಅವನೂ ಕವಿಯೆಂಬ ಕಾರಣಕ್ಕೆ ರಾಜದಂಡದ ಜೊತೆಗೆ ಬರಹದ ಸುರುಳಿಯನ್ನೂ ಅವನ ಕೈಗೆ ಕೊಟ್ಟಿದ್ದಾರೆ.